ಹನ್ನೆರಡು ಟ್ಯೂಬು, ಒಂದೇ ರಕ್ತ

2024ರ ನವೆಂಬರ್ 14, ಬೆಳಿಗ್ಗೆ 10.20. ಮಣಿಪಾಲ ಠಾಣೆಗೆ ಬಂದ ದೂರು ಕಳ್ಳತನದ್ದೂ ಅಲ್ಲ, ಹೊಡೆದಾಟದ್ದೂ ಅಲ್ಲ.

"ಹನ್ನೆರಡು ಜನರ ರಕ್ತ ಎಂದು ಕಳಿಸಿದ್ದಾರೆ. ಅದು ಹನ್ನೆರಡು ಜನರದ್ದಲ್ಲ," ಎಂದರು ಖಾಸಗಿ ಪ್ರಯೋಗಾಲಯದ ಡಾ. ರೇಚಲ್.

ಹೆಡ್ ಕಾನ್‌ಸ್ಟೆಬಲ್ ನಿಝಾಮನ ಪೆನ್ನು ನಿಂತಿತು. ಹೂಡೆ ಊರಿನ ಈ ಆಸಾಮಿ ಎಸ್ಪಿ ಸಾಹೇಬರಿಂದ ಹಿಡಿದು ಬಸ್ ಕಂಡಕ್ಟರ್ ತನಕ ಯಾರ ದನಿಯನ್ನಾದರೂ ಅನುಕರಿಸಬಲ್ಲವನು. ಇಂಥ ದೂರಿಗೆ ಯಾರ ದನಿಯಲ್ಲಿ ಉತ್ತರಿಸುವುದೆಂದು ಮಾತ್ರ ಹೊಳೆಯಲಿಲ್ಲ.

ಕಾರ್ಕಳದ ಹೊರವಲಯದಲ್ಲಿ ನಲ್ಲಿಗಳಿಗೆ ಕ್ರೋಮ್ ಲೇಪಿಸುವ ಘಟಕವೊಂದಿತ್ತು. ಅದರ ಆವಿಯಿಂದ ಹನ್ನೆರಡು ಮಂದಿ ಕಾರ್ಮಿಕರ ಡಿಎನ್‌ಎಗೆ ಪೆಟ್ಟಾಗಿದೆಯೇ ಎಂದು ಪರೀಕ್ಷಿಸಲು ಕಾರ್ಖಾನೆಗಳ ಇಲಾಖೆ ಹೇಳಿತ್ತು.

"ಜೀವಕೋಶಗಳನ್ನು ಜೆಲ್ಲಿನಲ್ಲಿಟ್ಟು ಕರೆಂಟ್ ಹಾಯಿಸುತ್ತೇವೆ. ಡಿಎನ್‌ಎ ತುಂಡಾಗಿದ್ದರೆ ಧೂಮಕೇತುವಿನ ಹಾಗೆ ಬಾಲ ಕಾಣಿಸುತ್ತದೆ," ಎಂದು ರೇಚಲ್ ವಿವರಿಸಿದರು.

"ಬಾಲ ಉದ್ದವಾದಷ್ಟೂ ಕಷ್ಟ ಅಲ್ವಾ ಮೇಡಂ? ನಮ್ಮ ಇಲಾಖೆಯಲ್ಲೂ ಹಾಗೇ."

"ನಿಝಾಮ್, ನೀವು ಬಾಲ ಬಿಚ್ಚಬೇಡಿ," ಎಂದರು ಇನ್‌ಸ್ಪೆಕ್ಟರ್ ಚೈತಾಲಿ. "ಹೇಳಿ ಡಾಕ್ಟರ್, ಸಂಶಯ ಬಂದದ್ದು ಹೇಗೆ?"

"ಹನ್ನೆರಡೂ ಫಲಿತಾಂಶ ಅಚ್ಚು ಹಾಕಿದ ಹಾಗಿತ್ತು. ರಕ್ತದ ಗುಂಪು ನೋಡಿದೆ. ಎಲ್ಲವೂ ಬಿ ನೆಗೆಟಿವ್. ಮೂವರು ಹೆಂಗಸರ ಟ್ಯೂಬಿನಲ್ಲಿಯೂ ಗಂಡಸಿನ ರಕ್ತ."

11.00ಕ್ಕೆ ಎಫ್‌ಐಆರ್ ದಾಖಲಾಯಿತು. ಪ್ರಯೋಗಾಲಯದಲ್ಲಿ ಪಂಚನಾಮೆ ಮಾಡುವಾಗ ನಿಝಾಮ್ ಥರ್ಮಕೋಲ್ ಪೆಟ್ಟಿಗೆಗೆ ಮೂಗು ಒಡ್ಡಿದ. ತಳದಲ್ಲಿ ಅಂಟಿದ್ದ ಹೊಳೆಯುವ ಚೂರೊಂದನ್ನು ಚಿಮಟದಲ್ಲಿ ಎತ್ತಿದ.

"ಎಂತ ಅದು?"

"ಬೂತಾಯಿ ಮೀನಿನ ಹುರುಪೆ ಮೇಡಂ. ಪೆಟ್ಟಿಗೆಗೆ ಮೀನಿನ ಐಸ್ ಬಿದ್ದಿದೆ. ಕಾರ್ಕಳದಿಂದ ಪರ್ಕಳದ ದಾರಿಯಲ್ಲಿ ಮಣಿಪಾಲಕ್ಕೆ ನೇರ ಬಂದದ್ದಲ್ಲ ಇದು, ಕಡಲು ನೋಡಿಕೊಂಡು ಬಂದದ್ದು."

ರಿಜಿಸ್ಟರ್ ಪ್ರಕಾರ 12ರಂದು ಪೆಟ್ಟಿಗೆ ಘಟಕದಿಂದ ಹೊರಟದ್ದು 9.10ಕ್ಕೆ, ಲ್ಯಾಬಿಗೆ ತಲುಪಿದ್ದು 12.50ಕ್ಕೆ. ಒಂದು ಗಂಟೆಯ ದಾರಿ. ತಂದವನು ಘಟಕದ ಸುರಕ್ಷತಾ ಮೇಲ್ವಿಚಾರಕ ಬ್ರಯಾನ್.

ಮಧ್ಯಾಹ್ನ ಘಟಕದಲ್ಲಿ ಮೊದಲು ಸಿಕ್ಕವಳು ರತ್ನವ್ವ. ಊರು ಬಾಗಲಕೋಟೆ ಕಡೆ, ಕ್ರೋಮ್ ತೊಟ್ಟಿಯ ಬಳಿ ಐದು ವರ್ಷದ ಕೆಲಸ.

"ಎರಡು ಸಲ ಹೊಟ್ಟ್ಯಾಗಿಂದು ಹೋಗೇತ್ರಿ. ಈಗ ಮತ್ತ ಮೂರು ತಿಂಗಳ. ರಿಪೋರ್ಟ್ ಹ್ಯಾಂಗ ಬಂದ್ರೂ ಸೋಮವಾರದಿಂದ ಬ್ರಯಾನಣ್ಣನ ಸ್ಟೋರ್ ರೂಮಿನ್ಯಾಗ ಕೂಡಸ್ತಾರಂತ. ಅಲ್ಲಿ ಹೊಗಿ ಬರೂದಿಲ್ಲಂತ್ರಿ."

"ಬ್ರಯಾನ್ ಹೇಗೆ?"

"ಬಂಗಾರದಂಥಾ ಮನಿಷ್ಯಾರಿ. ಹಿಂದಿನ ಸಲ ನನ್ನ ದವಾಖಾನಿಗೆ ತಮ್ಮ ಕಾರಿನ್ಯಾಗ ಒಯ್ದೋರು ಅವ್ರ."

ಬಂಗಾರದಂಥ ಮನುಷ್ಯ ಆ ಸೆಕೆಯಲ್ಲೂ ತುಂಬುತೋಳಿನ ಅಂಗಿಗೆ ಗುಂಡಿ ಹಾಕಿ ಕುಳಿತಿದ್ದ.

"ದಾರಿಯಲ್ಲಿ ಎಲ್ಲಿ ನಿಂತಿರಿ?" ಚೈತಾಲಿ ಕೇಳಿದರು.

"ಪರ್ಕಳದಲ್ಲಿ. ಟಯರ್ ಪಂಕ್ಚರ್."

"ಯಾವ ಅಂಗಡಿ?"

"ನೆನಪಿಲ್ಲ."

"ನಿಮ್ಮ ಮನೆ?"

"ಉಚ್ಚಿಲ. ಕಡಲ ಹತ್ತಿರ."

ನಿಝಾಮ್ ಅವನ ಕೊರಳಿನ ಗುರುತಿನ ಚೀಟಿ ಓದಿದ. ರಕ್ತದ ಗುಂಪು: ಬಿ ನೆಗೆಟಿವ್. "ಒಮ್ಮೆ ಅಂಗಿಯ ತೋಳು ಮಡಚುತ್ತೀರಾ ಮಾರಾಯ್ರೆ?"

ಮೊಣಕೈಯ ಒಳಬದಿ ಕಪ್ಪುಗಟ್ಟಿತ್ತು. ಬ್ರಯಾನ್ ಹಿಂದೆ ಕಾಪುವಿನ ಕ್ಲಿನಿಕ್ ಒಂದರಲ್ಲಿ ರಕ್ತ ತೆಗೆಯುವ ಕೆಲಸದಲ್ಲಿದ್ದವನು. ತನ್ನದನ್ನು ತೆಗೆಯಲು ಇನ್ನೊಬ್ಬರು ಬೇಕಿರಲಿಲ್ಲ.

ಸಂಜೆ 4.15ಕ್ಕೆ ಉಚ್ಚಿಲದ ಮನೆಯಲ್ಲಿ ಪಂಚರ ಎದುರು ಫ್ರಿಜ್ ತೆರೆದರು. ದೋಸೆ ಹಿಟ್ಟಿನ ಪಾತ್ರೆಯ ಹಿಂದೆ ಅಸಲಿ ಟ್ಯೂಬುಗಳು ಸಾಲಾಗಿದ್ದವು. ಒಂದರ ಮೇಲೆ ರತ್ನವ್ವ ಎಂದು ಬರೆದಿತ್ತು.

"ಎಸೆಯಲಿಕ್ಕೆ ಕೈ ಬರಲಿಲ್ಲ," ಎಂದ ಬ್ರಯಾನ್. ತಣ್ಣಗಿರದಿದ್ದರೆ ಪರೀಕ್ಷೆ ಕೆಡುತ್ತದೆಂದು ಪಕ್ಕದ ಮೀನಿನವರಿಂದ ಐಸ್ ತಂದವನೂ ಅವನೇ. ಸುಳ್ಳನ್ನೂ ಅಚ್ಚುಕಟ್ಟಾಗಿ ಮಾಡುವ ಮನುಷ್ಯ. 4.40ಕ್ಕೆ ದಸ್ತಗಿರಿ ಆಯಿತು.

"ಹೀಗೆ ಮಾಡಲು ಮಾಲೀಕರು ಹೇಳಿದರಾ?" ಚೈತಾಲಿ ಕೇಳಿದರು.

"ಯಾರೂ ಹೇಳಲಿಲ್ಲ. ಮೂರು ವರ್ಷ ಪ್ರತಿ ತಿಂಗಳೂ ಫ್ಯಾನ್ ಸರಿ ಇದೆ, ಆವಿ ಹೊರಗೆ ಹೋಗುತ್ತಿದೆ ಎಂದು ಸಹಿ ಹಾಕಿದ್ದೇನೆ. ಒಮ್ಮೆಯೂ ಏಣಿ ಹತ್ತಿ ನೋಡಲಿಲ್ಲ. ರತ್ನವ್ವನದು ಎರಡನೇ ಸಲ ಹೋದ ಮೇಲೆ ಹತ್ತಿದೆ. ಫ್ಯಾನ್ ತಿರುಗುತ್ತಿತ್ತು, ಕೊಳವೆ ಒಡೆದಿತ್ತು. ಆಚೆಗೆ ಹೋಗಬೇಕಾದ ಆವಿ ಒಳಗೇ ಸುತ್ತುತ್ತಿತ್ತು. ನಾನು ತೊಟ್ಟಿಯ ಹತ್ತಿರ ಹೋಗುವವನಲ್ಲ, ನನ್ನ ರಕ್ತ ಶುದ್ಧ ಅಂದುಕೊಂಡೆ. ಎಲ್ಲರೂ ಚೆನ್ನಾಗಿದ್ದಾರೆ ಎಂದು ಒಂದು ಕಾಗದ ಬಂದರೆ ನಾನೂ ನಂಬಬಹುದಿತ್ತು."

ಮರುದಿನ ಕಾರ್ಮಿಕರ ರಕ್ತವನ್ನು ಪೊಲೀಸರ ಎದುರೇ ಹೊಸದಾಗಿ ತೆಗೆದರು. ರೇಚಲ್ ಠಾಣೆಗೆ ಬಂದು ಬ್ರಯಾನನ ಮುಂದೆ ಮೊದಲಿನ ಸ್ಲೈಡುಗಳ ಚಿತ್ರ ಇಟ್ಟರು. ಕಪ್ಪು ಹಿನ್ನೆಲೆಯಲ್ಲಿ ಹೊಳೆಯುವ ಚುಕ್ಕೆಗಳು. ಪ್ರತಿಯೊಂದಕ್ಕೂ ಉದ್ದನೆಯ ಬಾಲ.

"ಇದು ನಿಮ್ಮದು. ಒಡೆದ ಕೊಳವೆಯ ಬಾಯಿ ನಿಮ್ಮ ಸ್ಟೋರ್ ರೂಮಿನ ಗೋಡೆಯ ಕಡೆಗೇ ಉಂಟು ಎಂದು ಇಲಾಖೆಯವರು ಹೇಳಿದರು. ಇಡೀ ಕಟ್ಟಡಕ್ಕೆ ಬೀಗ ಹಾಕಿದ್ದಾರೆ. ಆವಿಯಿಂದ ದೂರವಿದ್ದರೆ ಜೀವಕೋಶ ತಾನಾಗಿ ರಿಪೇರಿ ಮಾಡಿಕೊಳ್ಳುತ್ತದೆ, ಬಹಳಷ್ಟು ಮಟ್ಟಿಗೆ. ಮೂರು ತಿಂಗಳ ನಂತರ ಮತ್ತೆ ನೋಡೋಣ."

ಬ್ರಯಾನ್ ಆ ಬಾಲಗಳನ್ನೇ ನೋಡುತ್ತ ಕುಳಿತ. ನಿಝಾಮನ ನಾಲಿಗೆಯ ತುದಿಗೆ ಬಂದ ತಮಾಷೆ ಅಲ್ಲೇ ಉಳಿಯಿತು. ಸಂಶಯ ಬಂದ ಕೂಡಲೇ ಠಾಣೆಯ ಮೆಟ್ಟಿಲು ಹತ್ತಿದ ಈ ಡಾಕ್ಟರಮ್ಮನಿಗೆ ಎದ್ದು ಒಂದು ಸೆಲ್ಯೂಟ್ ಹೊಡೆದ.

ನ್ಯಾಯಾಲಯಕ್ಕೆ ಹೊರಡುವ ಹೊತ್ತಿಗೆ, ಮಧ್ಯಾಹ್ನ 2.30ಕ್ಕೆ, ರತ್ನವ್ವ ಜೀಪಿನ ಬಳಿ ಬಂದಳು. ಅವಳ ತೋಳಿನ ಮೇಲೆ ಹತ್ತಿ ಇನ್ನೂ ಅಂಟಿಕೊಂಡಿತ್ತು.

"ತಪ್ಪು ತಪ್ಪ ಐತಿ, ಅಣ್ಣಾ. ಆದ್ರ ನೀವು ನಿಮ್ಮ ರಕ್ತ ಇಡದಿದ್ರ ಆ ರೂಮಿನ್ಯಾಗೂ ಹೊಗಿ ಐತಂತ ಗೊತ್ತಾಗ್ತಿರಲಿಲ್ಲ, ಸೋಮವಾರ ನಾ ನಿಮ್ಮ ಬಾಜೂ ಕುರ್ಚಿ ಮ್ಯಾಲ ಕೂತಿರ್ತಿದ್ನಿ." ಸೆರಗಿನಿಂದ ಹೊಟ್ಟೆ ಮುಚ್ಚಿಕೊಂಡಳು. "ಇದು ಹುಟ್ಟಿದ ಮ್ಯಾಲ ನಿಮಗ ತಂದು ತೋರಸ್ತೀನಿ. ಎಲ್ಲಿದ್ರೂ ಸೈ."