ಇಂಧನ ತುಂಬುವ ದಿನ

“ಇಲ್ಲೇ ಮೊಳೆಗೆ ನೇತುಹಾಕಿದ್ದೆ ಕಣೇ! ರೆಕ್ಕೆ ಬಂದು ಹಾರಿಹೋಯ್ತಾ?”

ಅಪ್ಪ ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ಮನೆಯೆಲ್ಲಾ ಜಾಲಾಡುತ್ತಿದ್ದ. ಅಮ್ಮ ಸೋಫಾದ ಕೆಳಗೆ ಪೊರಕೆ ಆಡಿಸಿದಳು. ಸಿಕ್ಕಿದ್ದು ಒಂದು ಪೆನ್ಸಿಲ್ ತುಂಡು ಮಾತ್ರ.

ಚೂಟಿ ದಿಂಬನ್ನು ಎದೆಗೆ ಅವಚಿಕೊಂಡು ಮಂಚದ ಮೇಲೆ ಕೂತಿದ್ದಳು. ಅಪ್ಪನ ಆಫೀಸ್ ಬ್ಯಾಡ್ಜ್ ಆ ದಿಂಬಿನ ಕವರಿನೊಳಗೇ ಇತ್ತು.

“ನೀನೇನಾದ್ರೂ ನೋಡಿದ್ಯೇನೆ, ಚೂಟಿ?”

ಇಲ್ಲ ಎಂದು ಅವಳು ತಲೆಯಾಡಿಸಿದಳು. ಬಾಯಿ ತೆರೆದರೆ ಎಲ್ಲಿ ನಿಜ ಹೊರಗೆ ಬಿದ್ದುಬಿಡುತ್ತದೋ ಎಂಬ ಭಯ.

ಅಪ್ಪನ ಕೆಲಸ ರಾಕೆಟ್ಟಿಗೆ ಇಂಧನ ತುಂಬುವುದು. ಆ ರಾಕೆಟ್ಟಿನ ತುಂಡುಗಳು ದೊಡ್ಡ ದೊಡ್ಡ ಲಾರಿಗಳಲ್ಲಿ ಬಂದದ್ದನ್ನು ಚೂಟಿ ಕಾಲನಿ ಗೇಟಿನ ಬಳಿ ನಿಂತು ನೋಡಿದ್ದಳು. ಬಾಗಿಲೇ ಒಂದು ಬಿಲ್ಡಿಂಗಿನಷ್ಟು ಎತ್ತರವಿರುವ ಶೆಡ್ಡಿನಲ್ಲಿ ಕ್ರೇನು ಅವನ್ನು ಒಂದರ ಮೇಲೊಂದು ಕೂರಿಸಿತು. ಆಮೇಲೆ ಒಂದೊಂದು ವೈರನ್ನೂ ಜೋಡಿಸಿ, ಪರೀಕ್ಷೆ ಮಾಡಿ, ಇಡೀ ರಾಕೆಟ್ಟನ್ನು ನಿಂತ ಹಾಗೇ ಹಳಿಗಳ ಮೇಲೆ ಆಮೆಯಂತೆ ಸಾಗಿಸಿ ಹಾರಿಸುವ ಜಾಗಕ್ಕೆ ತಂದರು. ಈಗ ಅದು ಅಲ್ಲಿ ಖಾಲಿ ಹೊಟ್ಟೆಯಲ್ಲಿ ನಿಂತಿತ್ತು.

ಅದರ ಹೊಟ್ಟೆಗೆ ಹೋಗುವ ಇಂಧನ ಅಂತಿಂಥದ್ದಲ್ಲ. ಅದರ ಆವಿ ಮೂಗಿಗೆ ತಾಗಿದರೂ ಅಪಾಯ. ಹಾಗಾಗಿ ಅಪ್ಪ ಬಲೂನಿನಂತೆ ಊದಿಕೊಂಡ ಸೂಟು ತೊಟ್ಟು, ಪೈಪಿನಲ್ಲಿ ಬರುವ ಗಾಳಿಯನ್ನೇ ಉಸಿರಾಡುತ್ತಾ ಕೆಲಸ ಮಾಡಬೇಕು. ಹೋದ ಸಲ ಆ ಸೂಟು ಮಣಿಕಟ್ಟಿನ ಹತ್ತಿರ ಸಣ್ಣದಾಗಿ ಹರಿದಿತ್ತು. ಅಪ್ಪ ಕೆಂಡದಂಥ ಕಣ್ಣು ಬಿಟ್ಟುಕೊಂಡು, ಕೆಮ್ಮುತ್ತಾ ಆಸ್ಪತ್ರೆಯ ಮಂಚದ ಮೇಲೆ ಕೂತಿದ್ದ. “ನೋಡು, ನಾನೀಗ ಸಿನಿಮಾ ವಿಲನ್!” ಎಂದು ನಗಿಸಲು ನೋಡಿದ್ದ. ಚೂಟಿಗೆ ನಗು ಬಂದಿರಲಿಲ್ಲ.

ಅಪ್ಪ ಫೋನ್ ಮಾಡಿದ. “ಸರ್, ಬ್ಯಾಡ್ಜ್ ಸಿಗ್ತಾ ಇಲ್ಲ… ಹೊಸದು ಕೊಡೋಕೆ ಮಧ್ಯಾಹ್ನ ಆಗುತ್ತಾ?… ನಿಜ, ಅಲ್ಲೀವರೆಗೂ ಕಾಯೋಕಾಗಲ್ಲ… ಸರಿ ಸರ್, ಬೇರೆಯವರನ್ನೇ ಕಳಿಸಿ.”

ಸ್ವಲ್ಪ ಹೊತ್ತಿಗೆ ಹೊರಗೆ ಆಫೀಸ್ ಬಸ್ಸು ಹಾರ್ನ್ ಹೊಡೆದು ಹೊರಟುಹೋಯಿತು. ಅಪ್ಪ ಕುರ್ಚಿಯಲ್ಲಿ ಪೆಚ್ಚಾಗಿ ಕೂತ. ಚೂಟಿಗೆ ಮಾತ್ರ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಒಂದು ಗಂಟೆ ಕಳೆದಿರಬೇಕು, ಯಾರೋ ಬಾಗಿಲು ತಟ್ಟಿದರು. ತೆರೆದರೆ ಕೆಳಗಿನ ಮನೆಯ ಗುಂಡ! ಅವನು ಚೂಟಿಯ ಕ್ಲಾಸೇ. ಕುತ್ತಿಗೆಗೆ ಟವೆಲ್ ಸುತ್ತಿಕೊಂಡಿದ್ದ. ತಲೆಯ ಒಂದು ಕಡೆ ನುಣ್ಣಗೆ ಕತ್ತರಿಸಿದ ಕೂದಲು, ಇನ್ನೊಂದು ಕಡೆ ಪೊದೆ.

ಚೂಟಿ ಕಿಸಕ್ಕೆಂದಳು. “ಇದೇನೋ ಇದು ಹೊಸ ಸ್ಟೈಲು?”

“ನಗಬೇಡ. ಅಮ್ಮಂಗೆ ಇವತ್ತು ರಜಾ ಇತ್ತು, ಕಟಿಂಗ್ ಮಾಡ್ತಿದ್ಲು. ಫೋನ್ ಬಂತು. ನಿಮ್ಮಪ್ಪನ ಬದಲು ಅವಳೇ ಹೋಗ್ಬೇಕಂತೆ. ಕತ್ತರಿ ಅಲ್ಲೇ ಬಿಟ್ಟು ಬಸ್ ಹತ್ತಿದ್ಲು.”

ಚೂಟಿ ನಗು ನಿಲ್ಲಿಸಿದಳು. ಗುಂಡನ ಅಮ್ಮನದೂ ಅಪ್ಪನದೇ ಕೆಲಸ. ಗುಂಡನ ಮನೆಯಲ್ಲಿರುವುದು ಗುಂಡ, ಅವನ ಅಮ್ಮ, ಇಬ್ಬರೇ.

ಗುಂಡ ಕುತ್ತಿಗೆ ಕೆರೆದುಕೊಳ್ಳುತ್ತಾ ಮೆಲ್ಲಗೆ ಕೇಳಿದ, “ಚೂಟಿ, ಆವತ್ತು ನಿಮ್ಮಪ್ಪಂಗೆ ಕಣ್ಣು ತುಂಬಾ ಉರೀತಿತ್ತಾ?”

ಚೂಟಿ ಸರಕ್ಕನೆ ಒಳಗೆ ಓಡಿದಳು. ದಿಂಬಿನ ಕವರಿಗೆ ಕೈ ಹಾಕಿ ಬ್ಯಾಡ್ಜ್ ತೆಗೆದು ಅಪ್ಪನ ಮುಂದೆ ಹಿಡಿದಳು.

“ನಾನೇ ಬಚ್ಚಿಟ್ಟಿದ್ದೆ. ನೀನು ಹೋಗೋದು ಬೇಡ ಅಂತ.”

ಬೈಗುಳಕ್ಕಾಗಿ ಕಣ್ಣು ಮುಚ್ಚಿಕೊಂಡಳು. ಆದರೆ ಅಪ್ಪ ಬೈಯಲಿಲ್ಲ. ಗಬಕ್ಕನೆ ಫೋನ್ ಎತ್ತಿಕೊಂಡ. “ಸರ್, ಬ್ಯಾಡ್ಜ್ ಸಿಕ್ತು. ಮಗಳು ಬಚ್ಚಿಟ್ಟಿದ್ಲು. ಈಗಲೇ ಬರ್ಲಾ?… ಓ, ಆಗ್ಲೇ ಸೂಟ್ ಹಾಕ್ಕೊಂಡುಬಿಟ್ರಾ…”

ಫೋನ್ ಕೆಳಗಿಟ್ಟ. ಅವನ ಮುಖ ಚಿಕ್ಕದಾಗಿತ್ತು.

“ಅಪ್ಪಾ, ಆಂಟಿಗೆ ಏನೂ ಆಗಲ್ಲ ಅಲ್ವಾ?”

“ಸೂಟ್ ಹೊಸದು. ಎಲ್ಲಾ ಎರಡೆರಡು ಸಲ ಚೆಕ್ ಮಾಡಿರ್ತಾರೆ.”

“ನಿಂಗೆ ಹೆದರಿಕೆ ಆಗಲ್ವಾ, ಅಲ್ಲಿ?”

“ಆಗುತ್ತೆ ಕಣಮ್ಮ. ಅದಕ್ಕೇ ಎರಡೆರಡು ಸಲ ಚೆಕ್ ಮಾಡೋದು.” ಅಪ್ಪ ಬಾಗಿಲ ಕಡೆ ನೋಡಿದ. “ಗುಂಡಂಗೆ ನೀನೇ ಹೇಳ್ಬೇಕು.”

ಗುಂಡ ಮೆಟ್ಟಿಲ ಮೇಲೆ ಕೂತಿದ್ದ. ಚೂಟಿ ಪಕ್ಕದಲ್ಲಿ ಕೂತು, ತಡವರಿಸುತ್ತಾ ಎಲ್ಲಾ ಹೇಳಿದಳು. ಅವನು ಎದ್ದು, ಕೆಳಗಿನ ಮೆಟ್ಟಿಲಿಗೆ ಹೋಗಿ, ಬೆನ್ನು ತಿರುಗಿಸಿ ಕೂತ.

ದೂರದಲ್ಲಿ ಸೈರನ್ ಕೂಗಿತು. ಇಬ್ಬರೂ ಬೆಚ್ಚಿಬಿದ್ದರು. ತುಂಬಲು ಶುರು ಮಾಡಿದ್ದಾರೆ ಎಂದು ಅದರ ಅರ್ಥ. ಆಮೇಲೆ ಎಲ್ಲಾ ಗಪ್‌ಚುಪ್. ಗಾಳಿಗೆ ಮೇಲಿನ ಕಿಟಕಿ ಬಡಿದುಕೊಂಡರೂ ಚೂಟಿಯ ಎದೆ ಧಸಕ್ಕೆನ್ನುತ್ತಿತ್ತು.

ಆಗ ರಸ್ತೆಯಲ್ಲಿ ಒಂದು ಆಂಬುಲೆನ್ಸ್ ರಾಕೆಟ್ ಇರುವ ಕಡೆಗೇ ಹೋಯಿತು.

ಗುಂಡ ದಡಬಡ ಮೆಟ್ಟಿಲು ಹತ್ತಿ ಬಂದು ಚೂಟಿಯ ಫ್ರಾಕಿನ ತುದಿ ಹಿಡಿದುಕೊಂಡ.

“ಅದು… ಅದು ತುಂಬೋ ದಿನ ಯಾವಾಗ್ಲೂ ಅಲ್ಲಿ ಹೋಗಿ ನಿಂತಿರುತ್ತೆ, ಅಪ್ಪ ಹೇಳಿದಾನೆ,” ಎಂದಳು ಚೂಟಿ. ಗುಂಡ ಫ್ರಾಕು ಬಿಡಲಿಲ್ಲ. ಚೂಟಿಯ ಅಮ್ಮ ಊಟಕ್ಕೆ ಕರೆದಾಗಲೂ ಇಬ್ಬರೂ ಕದಲಲಿಲ್ಲ.

ಕೊನೆಗೂ ಬಸ್ಸು ಬಂತು. ಗುಂಡನ ಅಮ್ಮ ಇಳಿದರು. ಬಟ್ಟೆ ಬೆವರಿನಿಂದ ತೊಪ್ಪೆಯಾಗಿತ್ತು. ಅವರ ಕಣ್ಣು ಬೆಳ್ಳಗೇ ಇದ್ದವು! ಗುಂಡ ಓಡಿಹೋಗಿ ಸೊಂಟಕ್ಕೆ ಜೋತುಬಿದ್ದ.

“ಆಂಟಿ, ನಾನು…”

“ಗೊತ್ತಾಯ್ತು. ಫೋನಲ್ಲಿ ಹೇಳಿದ್ರು.” ಅವರು ಚೂಟಿಯ ಕೆನ್ನೆ ಮುಟ್ಟಿದರು. ಗ್ಲೌಸಿನೊಳಗೆ ನೆನೆದು ಬೆರಳು ಸುಕ್ಕಾಗಿದ್ದವು. “ಇವನೂ ಚಿಕ್ಕವನಿದ್ದಾಗ ನನ್ನ ಶೂ ಬಚ್ಚಿಡ್ತಿದ್ದ. ಇನ್ಮೇಲೆ ಹಾಗೆ ಮಾಡ್ಬೇಡ, ಮರಿ.”

ಮಾರನೆಯ ದಿನ ಇನ್ನೊಂದು ಟ್ಯಾಂಕು ತುಂಬಬೇಕಿತ್ತು. ಅದು ಅಪ್ಪನ ಸರದಿ.

ಚೂಟಿ ಅಪ್ಪನ ಜೊತೆ ಗೇಟಿನವರೆಗೆ ಬಂದಳು. ಬಸ್ಸು ಬರುವವರೆಗೂ ಅವನ ಕೈ ಬಿಡಲಿಲ್ಲ. ಅಪ್ಪ ಬಸ್ಸು ಹತ್ತಿ ಕೂತ. ಅವನ ಹಿಂದಿನ ಸೀಟಿನಲ್ಲಿ ಬಿಳಿ ಮೀಸೆಯ ತಾತ, ಅದರ ಹಿಂದೆ ಜಡೆ ಹೆಣೆದುಕೊಳ್ಳುತ್ತಿದ್ದ ಅಕ್ಕ, ಅದರ ಹಿಂದೆ ಆಕಳಿಸುತ್ತಿದ್ದ ಅಣ್ಣ. ದಿನಾ ಬರುವ ಬಸ್ಸೇ. ಆದರೆ ಅಪ್ಪನ ಕಿಟಕಿ ಬಿಟ್ಟು ಬೇರೆ ಕಿಟಕಿಗಳನ್ನು ಅವಳು ನೋಡಿದ್ದು ಇವತ್ತೇ. ಆ ಅಣ್ಣನ ಮನೆಯಲ್ಲಿ ಯಾರಿರಬಹುದು? ಈಗ ಏನು ಮಾಡುತ್ತಿರಬಹುದು?

ಬಸ್ಸು ಹೊರಟಿತು. ಚೂಟಿ ಅಪ್ಪನಿಗೆ ಕೈಬೀಸಿದಳು. ಅಪ್ಪನ ಕಿಟಕಿ ದಾಟಿಹೋಯಿತು. ಅವಳು ಕೈ ಇಳಿಸಲಿಲ್ಲ. ಕೊನೆಯ ಕಿಟಕಿ ದಾಟುವವರೆಗೂ ಬೀಸುತ್ತಲೇ ಇದ್ದಳು.