ಮದುವೆ ಹೊದಿಕೆಯ ಹೊರಗೆ

ದೋಣಿಗೆ ನೀರಿನ ಪೀಪಾಯಿ ಏರಿಸುತ್ತಿದ್ದ ಟೋರ್ಕಲ್ ಅವಳನ್ನು ಕಂಡು ನಕ್ಕ. ಆ ನಗು ಮುಯ್ರೆನ್‌ಗೆ ಬೇಕಿರಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

"ನೀನೂ ಬರಲ್ಲ ಅಂದ್ಕೊಂಡಿದ್ದೆ," ಎಂದ. "ಸೋತೋನ ಹತ್ರ ಯಾರು ಸುಳೀತಾರೆ ಇವತ್ತು?"

ಬೆಳಿಗ್ಗೆ ಮಾನ್ ದ್ವೀಪದ ಜನರೆಲ್ಲ ಸಭೆಯ ದಿಬ್ಬದ ಸುತ್ತ ನೆರೆದಿದ್ದರು. ತೀರಿಕೊಂಡ ರಾಜನ ಹಿರಿಯ ಮಗ ಟೋರ್ಕಲ್‌ಗೇ ಗದ್ದುಗೆ ಎಂದು ಅರ್ಧ ದ್ವೀಪ ಗುರಾಣಿ ಬಡಿಯುತ್ತಿತ್ತು. ಆಗ ಮುಯ್ರೆನ್‌ಳ ಅಣ್ಣ ಆಸ್ಕೆಲ್ ಎದ್ದು ಒಂದೇ ಒಂದು ಪ್ರಶ್ನೆ ಕೇಳಿದ. ರಾಜನ ಮದುವೆಯ ದಿನ ಈ ಮಗ ಹೊದಿಕೆಯೊಳಗೆ ಇದ್ದನೇ?

ಅಲ್ಲಿನ ಪದ್ಧತಿಯಂತೆ, ಅಪ್ಪ ಅಮ್ಮ ಪಾದ್ರಿಯ ಮುಂದೆ ನಿಲ್ಲುವ ಮೊದಲೇ ಹುಟ್ಟಿದ ಮಗುವನ್ನು, ಮದುವೆಯ ಹೊತ್ತಿಗೆ ಇಬ್ಬರ ನಡುವೆ ಒಂದೇ ಹೊದಿಕೆಯಡಿ ನಿಲ್ಲಿಸಿಕೊಳ್ಳಬೇಕು. ನಿಂತರೆ ಅದು ವಂಶದ ಕುಡಿ, ಇಲ್ಲದಿದ್ದರೆ ಇಲ್ಲ. ಆ ದಿನ ಟೋರ್ಕಲ್‌ಗೆ ಮೈ ಸುಡುವ ಜ್ವರ. ಮದುವೆ ನಿಲ್ಲಬಾರದೆಂದು ಸಾಕುತಾಯಿ ಗೋರ್ಮ್ಲಾ ಅವನನ್ನು ಮನೆಯಲ್ಲೇ ಮಲಗಿಸಿ, ಅದೇ ವಯಸ್ಸಿನ ತನ್ನ ಮಗನನ್ನು ಹೊದಿಕೆಯೊಳಗೆ ನೂಕಿದ್ದಳು.

ಸಂತರ ಮೂಳೆಯ ಮೇಲೆ ಕೈಯಿಟ್ಟು ಆಣೆ ಮಾಡಿ ಹೇಳು ಎಂದಾಗ ಟೋರ್ಕಲ್ ಸುಳ್ಳಾಡಲಿಲ್ಲ. ಮಧ್ಯಾಹ್ನಕ್ಕೆಲ್ಲ, ಮದುವೆಯಾದ ಮೇಲೆ ಹುಟ್ಟಿದ ತಮ್ಮ ಇವಾರ್ ರಾಜನಾದ. ಸೋತ ಅಣ್ಣಂದಿರ ಕಣ್ಣು ಕೀಳಿಸುವುದು ಈ ಕಡಲರಾಜರ ಮನೆತನಕ್ಕೆ ಹೊಸದೇನಲ್ಲ. ಹಾಗಾಗಿ ಕಡಲು ಇಳಿತಕ್ಕೆ ತಿರುಗುವ ಹೊತ್ತಿಗೆ ಅವನು ಹೊರಟುಬಿಡಬೇಕಿತ್ತು.

"ಗುಟ್ಟು ಬಿಟ್ಟುಕೊಟ್ಟೋಳು ಗೋರ್ಮ್ಲಾನೇ," ಎಂದ ಟೋರ್ಕಲ್. "ನಾನೂ ಬರ್ತೀನಿ ಅಂತ ಅಳ್ತಾ ಬಂದ್ಳು. ಮುಖ ತೋರಿಸ್ಬೇಡ ಹೋಗು ಅಂದೆ. ಅವಳ ಹಾಲು ಕುಡಿದು ಬೆಳೆದೋನು ನಾನು."

ಹೊದಿಕೆಯೊಳಗೆ ನಿಂತಿದ್ದ ಗೋರ್ಮ್ಲಾಳ ಮಗನೂ ರಾಣಿಯೂ ಎಂದೋ ತೀರಿಕೊಂಡಿದ್ದರು. ಬದುಕಿದ್ದವರಲ್ಲಿ ಆ ಗುಟ್ಟು ಗೊತ್ತಿದ್ದದ್ದು ಮೂವರಿಗೆ. ಮುದುಕಿಗೆ, ಅವನಿಗೆ, ಮತ್ತೆ ಹೋದ ಬೇಸಿಗೆಯಲ್ಲಿ ಬಂಡೆಗಳ ನಡುವೆ ಅವನ ತೋಳಿನ ಮೇಲೆ ತಲೆಯಿಟ್ಟು ಮಲಗಿದ್ದ ಮುಯ್ರೆನ್‌ಗೆ. ಮೂರನೆಯವಳ ಮೇಲೆ ಪುಣ್ಯಾತ್ಮನಿಗೆ ಅನುಮಾನವೇ ಹುಟ್ಟಿರಲಿಲ್ಲ. ಸುಮ್ಮನಿದ್ದುಬಿಟ್ಟರೆ ಅವನು ಅವಳನ್ನು ಪ್ರೀತಿಸುತ್ತಲೇ ಹೋಗುತ್ತಿದ್ದ. ಅದೂ ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಗೋರ್ಮ್ಲಾ ಅಲ್ಲ. ನಾನು."

"ಮುದುಕೀನ ಉಳಿಸೋಕೆ ನೀನ್ಯಾಕೆ ತಲೆ ಕೊಡ್ತೀಯ ಮಾರಾಯ್ತಿ?"

"ಬಾಯಿತಪ್ಪಿ ಹೇಳಿದ್ದಲ್ಲ ಟೋರ್ಕಲ್. ಬೇಕಂತ್ಲೇ ಹೇಳ್ದೆ."

ಆಮೇಲೆ ಒಂದನ್ನೂ ಮುಚ್ಚಿಡದೆ ಹೇಳಿದಳು. ತನ್ನ ಮಗಳನ್ನು ಟೋರ್ಕಲ್ ಮದುವೆಯಾದರೆ ಮೂವತ್ತು ಹಡಗು ಕೊಡುತ್ತೇನೆಂದು ಕಡಲಾಚೆಯ ಗ್ಯಾಲೋವೇ ದೊರೆ ಹೇಳಿ ಕಳಿಸಿದ್ದ. ಆ ಸುದ್ದಿ ಕೇಳಿದಾಗಿನಿಂದ ಅವಳಿಗೆ ಅನ್ನನೀರು ಸೇರಿರಲಿಲ್ಲ. ರಾಜನಾದರೆ ಇವನು ತನ್ನ ಕೈಗೆ ಸಿಗುವವನಲ್ಲ. ಒಲೆಯ ಮುಂದೆ ಓಟ್ಸ್ ರೊಟ್ಟಿ ತಟ್ಟುತ್ತಾ, ಅಣ್ಣನ ಕಿವಿಗೆ ಗುಟ್ಟು ಹಾಕಿದ್ದಳು. ಗದ್ದುಗೆ ತಪ್ಪಿದರೆ ಸಾಕು ಎಂದುಕೊಂಡಿದ್ದಳೇ ಹೊರತು, ಅವನ ಕಣ್ಣಿಗೇ ಕುತ್ತು ಬರುವ ಯೋಚನೆ ತಲೆಗೇ ಬಂದಿರಲಿಲ್ಲ. ಪ್ರೀತಿ ಎಂದು ಅದಕ್ಕೆ ಹೆಸರಿಟ್ಟುಕೊಂಡಿದ್ದಳು. ಹೊಟ್ಟೆಕಿಚ್ಚು ಎಂದಿದ್ದರೆ ಹೆಚ್ಚು ಸರಿಹೋಗುತ್ತಿತ್ತು.

ಟೋರ್ಕಲ್ ಪೀಪಾಯಿಯ ಮೇಲೆ ಕುಳಿತುಬಿಟ್ಟ. ದಿನವೂ ಓರೆನೋಟದಲ್ಲಿ ಅವಳನ್ನು ಕಾಡಿಸುತ್ತಿದ್ದ ಆ ಬೂದುಗಣ್ಣುಗಳು ಈಗ ಗುರುತೇ ಇಲ್ಲದವಳನ್ನು ನೋಡುವಂತೆ ನೋಡಿದವು.

"ಗ್ಯಾಲೋವೇ ಹುಡುಗಿ ಬೇಡ ಅಂತ ನಿನ್ನೆಯೇ ಹೇಳಿ ಕಳಿಸಿದ್ದೆ," ಎಂದ ಮೆಲ್ಲಗೆ. "ಸಭೆ ಮುಗೀಲಿ, ಆಮೇಲೆ ಹೇಳೋಣ, ನಿನ್ನ ಮುಖ ಹೇಗಾಗುತ್ತೆ ನೋಡೋಣ ಅಂತಿದ್ದೆ."

ಮುಯ್ರೆನ್ ಒಂದು ಹೆಜ್ಜೆ ಮುಂದಿಟ್ಟಾಗ ಅವನು ಕೈ ಅಡ್ಡ ಹಿಡಿದ.

"ಬಿಟ್ಬಿಡು ಅಂತ ಕೇಳಿದ್ರೆ ಗದ್ದುಗೇನೂ ಬಿಡ್ತಿದ್ದೆ ಕಣೇ. ನೀನು ಕೇಳ್ಲೇ ಇಲ್ಲ."

"ಈಗ ಕೇಳ್ತೀನಿ. ನನ್ನನ್ನೂ ಕರ್ಕೊಂಡು ಹೋಗು."

ಹುಟ್ಟು ಹಿಡಿದ ಆಳುಗಳು ಹೊತ್ತಾಯಿತೆಂದು ಕೂಗುತ್ತಿದ್ದರು. ಅವನು ಪೀಪಾಯಿಯಿಂದ ಎದ್ದ.

"ಇವತ್ತು ನನ್ನ ಕೈಲಾಗಲ್ಲ ಮುಯ್ರೆನ್. ಓಡಿ ಹೋಗಿ ಗೋರ್ಮ್ಲಾನ ಕರ್ಕೊಂಡು ಬಾ. ಅವಳ ಕಾಲು ಹಿಡೀಬೇಕು ನಾನು."

ಮುದುಕಿ ಮೀನು ಒಣಗಿಸುವ ಚಪ್ಪರದ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಮುಯ್ರೆನ್ ಏದುಸಿರು ಬಿಡುತ್ತಲೇ ಎಲ್ಲವನ್ನೂ ಒಪ್ಪಿಕೊಂಡಳು. ಗೋರ್ಮ್ಲಾ ಬೈಯಲಿಲ್ಲ, ಶಪಿಸಲಿಲ್ಲ. ಏಳುವುದಕ್ಕೆ ಆಸರೆಯಾಗಿ ಅವಳ ಕೈಯನ್ನೇ ಹಿಡಿದುಕೊಂಡಳು. ಆ ಒರಟು ಕೈಯನ್ನು ಹಿಡಿದು ದಡದವರೆಗೆ ನಡೆಯುವಷ್ಟರಲ್ಲಿ ಮುಯ್ರೆನ್ ನಾಚಿಕೆಯಿಂದ ಹಿಡಿಯಷ್ಟಾಗಿದ್ದಳು.

ಟೋರ್ಕಲ್ ಮರಳಲ್ಲಿ ಮಂಡಿಯೂರಿ ಮುದುಕಿಯ ಪಾದ ಹಿಡಿದುಕೊಂಡು ಅತ್ತ. ಆಮೇಲೆ ಅವಳನ್ನು ಎತ್ತಿಕೊಂಡು ದೋಣಿಯಲ್ಲಿ ಕೂರಿಸಿ ತಾನೂ ಹತ್ತಿದ. ಹತ್ತಿದವನು ತಿರುಗಿ ನೋಡಿದ.

"ಐಲಾ ದ್ವೀಪದಲ್ಲಿ ನನ್ನ ಸೋದರಮಾವನ ಮನೇಲಿರ್ತೀನಿ. ಚಳಿಗಾಲ ಕಳೀಲಿ. ಆಗಲೂ ಕೇಳ್ಬೇಕು ಅನ್ನಿಸಿದ್ರೆ ಬಂದು ಇನ್ನೊಂದ್ಸಲ ಕೇಳು."

"ಹೂಂ ಅಂತೀಯಾ?"

"ಗೊತ್ತಿಲ್ಲ. ಬಾಗಿಲಂತೂ ತೆಗೀತೀನಿ."

ದೋಣಿಯ ಹಿಂಬದಿ ಇನ್ನೂ ಮರಳಿಗೆ ಕಚ್ಚಿಕೊಂಡಿತ್ತು. ಮುಯ್ರೆನ್ ನೀರಿಗಿಳಿದು ಎರಡೂ ಕೈ ಕೊಟ್ಟು, ಇದ್ದಬದ್ದ ಬಲವನ್ನೆಲ್ಲ ಹಾಕಿ, ಅದನ್ನು ತಾನೇ ಕಡಲಿಗೆ ನೂಕಿದಳು.