ಒಂದು ಸೌಟು ಜಾಸ್ತಿ ತುಪ್ಪ

"ನೆಕ್ಕಬೇಡ! ಇನ್ನೂ ದೇವರಿಗೆ ಇಟ್ಟಿಲ್ಲ," ಎಂದು ಅಮ್ಮ ಗದರಿದಳು. ಚಿಣ್ಣಿ ಬಾಯಿಯ ಹತ್ತಿರ ಹೋಗಿದ್ದ ಬೆರಳನ್ನು ಫ್ರಾಕಿಗೆ ಒರೆಸಿಕೊಂಡಳು.

ಪ್ರತಿ ಹಬ್ಬಕ್ಕೂ ಉಂಡೆ ಕಟ್ಟುವ ಕೆಲಸ ಅಪ್ಪನದು. ಬಸ್ಸಿನ ಸ್ಟೇರಿಂಗ್ ಹಿಡಿಯುವ ದೊಡ್ಡ ಕೈಗಳಲ್ಲಿ ಉಂಡೆಗಳು ಅಚ್ಚು ಹೊಡೆದಂತೆ ಬರುತ್ತಿದ್ದವು. ಕಟ್ಟಿದ್ದಕ್ಕಿಂತ ತಿಂದದ್ದೇ ಹೆಚ್ಚು ಎಂದು ಅಮ್ಮ ಆಡಿಕೊಳ್ಳುವಳು. ಈ ಸಲ ಅಪ್ಪ ಒಳಗಿನ ರೂಮಿನಲ್ಲಿ ಮಲಗಿದ್ದಾರೆ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಬಂದು ನಾಲ್ಕು ದಿನವಾಯಿತು. ಗಂಜಿಯೂ ಸೇರುತ್ತಿಲ್ಲ.

ಅಮ್ಮನಿಗೆ ಹಬ್ಬವೇ ಬೇಡವಾಗಿತ್ತು. ಹಟ ಹಿಡಿದು ಕೂತವಳು ಚಿಣ್ಣಿ.

"ಉಂಡೆ ನೋಡಿದ್ರೆ ಅಪ್ಪ ತಿಂದೇ ತಿಂತಾರಮ್ಮ. ತಿಂದ್ರೆ ತಾನೇ ಶಕ್ತಿ ಬರೋದು?"

ಅಮ್ಮ ಸೋತಳು. ಆದರೆ ಅಪ್ಪನ ರೂಮಿನ ಬಾಗಿಲು ಮುಚ್ಚಿ, ತುಪ್ಪವನ್ನು ಕೈ ಬಿಗಿಹಿಡಿದು ಹಾಕಿದಳು. ತುಪ್ಪ ಅಂದರೆ ಪ್ರಾಣ ಬಿಡುವ ಅಪ್ಪನಿಗೆ ಹಾಕಲು ಅಮ್ಮನಿಗೆ ಇಷ್ಟು ಜಿಪುಣತನವೇ? ಅಮ್ಮ ತಟ್ಟೆ ತರಲು ಆಚೆ ಹೋದದ್ದೇ ತಡ, ಚಿಣ್ಣಿ ಒಂದು ಸೌಟು ಜಾಸ್ತಿ ಸುರಿದುಬಿಟ್ಟಳು.

ಚಿಣ್ಣಿ ಕಟ್ಟಿದ ಉಂಡೆಗಳು ಒಂದು ದಪ್ಪ, ಒಂದು ಸಣ್ಣ ಆದವು. ಪೂಜೆ ಮುಗಿಯಿತು. ಅಮ್ಮ ಹಿಂದಿನಿಂದ ಕೂಗಿದರೂ ನಿಲ್ಲದೆ ಅವಳು ತಟ್ಟೆ ಹಿಡಿದು ಓಡಿದಳು.

"ಅಪ್ಪಾ, ನಾನೇ ಕಟ್ಟಿದ್ದು!"

ಅಪ್ಪ ಗೋಡೆ ಹಿಡಿದು ಎದ್ದು ಕೂತರು. "ಇದು ಉಂಡೆನಾ, ಕ್ರಿಕೆಟ್ ಬಾಲಾ?" ಎಂದು ನಕ್ಕು, ಒಂದನ್ನು ಬಾಯಿಗೆ ಹಾಕಿಕೊಂಡರು. ತುಂಬ ಹೊತ್ತು ಅಗಿದರು. ಕಣ್ಣಲ್ಲಿ ನೀರು ಬಂತು.

"ತುಂಬಾ ಚೆನ್ನಾಗಿದೆ ಕಣೇ."

ಚಿಣ್ಣಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಮ್ಮನಿಗೆ ಹೇಳಲು ಓಡಿದಳು. ಅಡುಗೆಮನೆ ಮುಟ್ಟುವ ಮೊದಲೇ ಹಿಂದೆ ಅಪ್ಪ ವಾಂತಿ ಮಾಡಿಕೊಳ್ಳುವ ಸದ್ದು ಕೇಳಿತು. ಹೊಟ್ಟೆಯಲ್ಲಿ ಏನೂ ಉಳಿಯದ ಮೇಲೂ ಅದು ನಿಲ್ಲಲಿಲ್ಲ. ಅಮ್ಮ ಅವಳನ್ನು ದಾಟಿಕೊಂಡು ಒಳಗೆ ಓಡಿದಳು.

"ಡ್ರಿಪ್ ಹಾಕಿದಾಗಿಂದ ತುಪ್ಪದ ವಾಸನೆಗೇ ಹೊಟ್ಟೆ ತೊಳಸುತ್ತೆ ಅಂತೀರಿ. ಗೊತ್ತಿದ್ದೂ ಯಾಕೆ ತಿಂದ್ರಿ?" ಅಮ್ಮನ ದನಿ ಕೇಳಿತು.

"ಮಗು ಆಸೆಯಿಂದ ತಂದಿದೆ. ಹೇಗೆ ಬೇಡ ಅನ್ನೋದು?"

ಬಾಗಿಲ ಹೊರಗೆ ನಿಂತಿದ್ದ ಚಿಣ್ಣಿಗೆ ಅಳು ಒತ್ತರಿಸಿ ಬಂತು. ಅವಳ ಕೈಯಿಂದಲೂ ಅದೇ ವಾಸನೆ. ಬಚ್ಚಲಿಗೆ ಹೋಗಿ ಸೋಪು ಹಾಕಿ ಮೂರು ಸಲ ತೊಳೆದಳು.

ಸಂಜೆ ನೀರಿನ ಲೋಟ ಹಿಡಿದು ಅವಳು ಒಳಗೆ ಹೋದಾಗ ಅಪ್ಪ ಕಣ್ಣು ಬಿಟ್ಟರು. ಮುಖ ಬಿಳಿಚಿಕೊಂಡಿತ್ತು.

"ಏನೇ ಚಿಣ್ಣಿ, ಮುಖ ಊದಿಸ್ಕೊಂಡಿದ್ದೀಯ? ಅಪ್ಪಂಗೆ ಇನ್ನೊಂದು ಉಂಡೆ ಕೊಡಲ್ವಾ?"

ಅಡುಗೆಮನೆಯ ಡಬ್ಬಿಯಲ್ಲಿ ಹದಿನೆಂಟು ಉಂಡೆಗಳಿದ್ದವು. ಅವಳಿನ್ನೂ ಒಂದನ್ನೂ ಮುಟ್ಟಿರಲಿಲ್ಲ.

"ಖಾಲಿ ಆಯ್ತಪ್ಪ," ಎಂದಳು. "ಎಲ್ಲಾ ನಾನೇ ತಿಂದ್ಬಿಟ್ಟೆ."

"ಹೊಟ್ಟೆಬಾಕಿ!" ಎಂದರು ಅಪ್ಪ, ಅವಳ ಮುಖವನ್ನೇ ನೋಡುತ್ತ.

ಚಿಣ್ಣಿ ಲೋಟವನ್ನು ಅವರ ಬಾಯಿಗೆ ಹಿಡಿದಳು. ಅಪ್ಪ ಎರಡು ಗುಟುಕು ಕುಡಿದರು. ಅದು ಹೊಟ್ಟೆಯಲ್ಲಿ ನಿಲ್ಲುತ್ತದೆಂದು ಖಾತ್ರಿಯಾಗುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ.